‘ಕಾಣಲಿಲ್ಲ’ ಎಂಬ ಮಾತು

ರಸ್ತೆಯಲ್ಲಿ ಅಪಘಾತವಾಯಿತೆನ್ನಿ. ಜನ ಸೇರುತ್ತಾರೆ, ಒಬ್ಬರು ನೀರು ತರುತ್ತಾರೆ, ಒಬ್ಬರು ರಿಕ್ಷಾ ನಿಲ್ಲಿಸುತ್ತಾರೆ, ಹತ್ತು ಮಂದಿ ಹತ್ತು ತೀರ್ಪು ಕೊಡುತ್ತಾರೆ. ಈ ಗಲಭೆಯ ನಡುವೆ ವಾಹನ ನಡೆಸಿದವನ ಬಾಯಿಂದ ಹೊರಡುವ ಮೊದಲ ಮಾತು ಹೆಚ್ಚಾಗಿ ಒಂದೇ: “ಕಾಣಲಿಲ್ಲ.” ತುಸು ಹೊತ್ತಾಗಿ ಧೈರ್ಯ ಬಂದ ಮೇಲೆ ಎರಡನೆಯ ಮಾತು: “ಅಡ್ಡ ಬಂದರು.” ಅವನು ಸುಳ್ಳು ಹೇಳುತ್ತಿದ್ದಾನೆಂದು ನಾನು ಎಣಿಸುವುದಿಲ್ಲ. ನಿಜವಾಗಿಯೂ ಅವನಿಗೆ ಕಂಡಿರಲಾರದು. ಆದರೆ ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಕಂಡೂ ಮಾಡಿದ ತಪ್ಪಿಗೆ ಮನುಷ್ಯ ಹೊಣೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಕಾಣದೆ ಆಗಿಹೋದ ಕೇಡನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ವ್ಯಾಕರಣ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಮಾತಿನ ವಿಭಕ್ತಿಯ ಮೇಲೆಯೇ ಮೊದಲು ಗಮನ ಹೋಗುತ್ತದೆ. ‘ನನಗೆ ಕಾಣಲಿಲ್ಲ’ ಎಂಬಲ್ಲಿ ‘ನನಗೆ’ ಚತುರ್ಥೀ. ‘ನನಗೆ ಹಸಿವಾಯಿತು’, ‘ನನಗೆ ಜ್ವರ ಬಂತು’ ಎನ್ನುವಾಗಲೂ ಹಾಗೆಯೇ. ಅವು ನನಗೆ ಬಂದೊದಗುವ ಸಂಗತಿಗಳು, ನಾನು ಮಾಡುವ ಕೆಲಸಗಳಲ್ಲ. ‘ನಾನು ನೋಡಲಿಲ್ಲ’ ಎಂದರೋ, ‘ನಾನು’ ಪ್ರಥಮೆಗೆ ಬಂದು ಕರ್ತೃವಿನ ಪೀಠದಲ್ಲಿ ಕುಳಿತುಬಿಡುತ್ತೇನೆ. ನೋಡುವುದೊಂದು ಕೆಲಸ; ಮಾಡದೆ ಬಿಟ್ಟವನು ನಾನು. ಅಪಘಾತದ ಜಾಗದಲ್ಲಿ ‘ನೋಡಲಿಲ್ಲ’ ಎಂದು ಹೇಳಿದವರನ್ನು ನಾನಂತೂ ಕೇಳಿಲ್ಲ. ತುಳುವಿನಲ್ಲಿಯೂ ತೂಪಿನಿ ಬೇರೆ, ತೋಜುನಿ ಬೇರೆ. ಅಲ್ಲಿಯೂ ಬರುವ ಮಾತು “ಎಂಕ್ ತೋಜಿಜಿ” ಎಂಬುದೇ. ಹಳಗನ್ನಡದ ವೀರರು ಪ್ರಥಮಾ ವಿಭಕ್ತಿಯಲ್ಲಿಯೇ ನಿಂತು ಕಾಣುತ್ತಿದ್ದರು. ಕುಂದಾಪುರದ ಕಡೆಯವರು ಇಂದಿಗೂ ನಾವು ‘ನೋಡಿ’ ಎನ್ನುವಲ್ಲಿ ‘ಕಾಣಿ’ ಎನ್ನುತ್ತಾರೆ. ಅವರ ಬಾಯಲ್ಲಿ ಕಾಣುವುದೂ ಒಂದು ಕೆಲಸವೇ. ಉಳಿದ ನಾವು ಎರಡು ಧಾತುಗಳ ನಡುವೆ ಒಂದು ಸಂದು ಮಾಡಿಕೊಂಡಿದ್ದೇವೆ. ಬೇಕಾದಾಗ ಅದರಲ್ಲಿ ನುಸುಳಿ ಆಚೆ ಹೋಗುತ್ತೇವೆ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಎರಡು ಪರೀಕ್ಷೆಗಳ ದೆಸೆಯಿಂದ. ನಲವತ್ತು ದಾಟಿದ ಮೇಲೆ ನಾನು ಕಾರು ಕಲಿಯಲು ಹೊರಟು ಕಲಿಕೆಯ ಲೈಸೆನ್ಸಿನ ಪರೀಕ್ಷೆಗೆ ಓದುತ್ತಿದ್ದೆ. ಅದೇ ಸಮಯಕ್ಕೆ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳು ರಜೆಯಲ್ಲಿ ಊರಿಗೆ ಬಂದಿದ್ದಳು. ನಮ್ಮ ದೇಶದ ಲೈಸೆನ್ಸಿನ ಮೇಲೆ ಅಲ್ಲಿ ನೆಲೆಸಿದವರು ಹನ್ನೆರಡು ತಿಂಗಳು ಮಾತ್ರ ಕಾರು ನಡೆಸಬಹುದು. ಮುಂದೆ ಅವರ ಪರೀಕ್ಷೆಗೆ ಕೂರಲೇಬೇಕು. ಹೀಗಾಗಿ ನಮ್ಮ ಮನೆಯ ಚಾವಡಿಯಲ್ಲಿ ಇಬ್ಬರು ಪರೀಕ್ಷಾರ್ಥಿಗಳು. ನನ್ನ ಕೈಯಲ್ಲಿ ಚಿಹ್ನೆಗಳ ಪುಸ್ತಕ, ಅವಳ ಮುಂದೆ ಕಂಪ್ಯೂಟರು.

ಅವಳ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ನಮಗೆ ಪರಿಚಿತವಾದ ಬಗೆಯದೇ: 50 ಪ್ರಶ್ನೆ, 43ಕ್ಕೆ ಸರಿಯುತ್ತರ ಬೇಕು. ಎರಡನೆಯದನ್ನು ಅವರು 2002ರ ನವೆಂಬರಿನಲ್ಲಿ ಸೇರಿಸಿದರು. ಅದರಲ್ಲಿ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಚಾಲಕನ ಆಸನದಿಂದ ಕಾಣುವಂತೆ ತೆಗೆದ 14 ಪುಟ್ಟ ಚಿತ್ರಗಳು ಒಂದಾದ ಮೇಲೊಂದು ಓಡುತ್ತವೆ. ರಸ್ತೆ, ಮನೆಗಳು, ನಿಂತ ಕಾರುಗಳು, ನಡೆಯುವ ಜನ. ಎಲ್ಲೋ ಒಂದು ಕಡೆ ಅಪಾಯ ಮೊಳೆಯತೊಡಗುತ್ತದೆ. ಅದು ಕಂಡ ಕೂಡಲೆ ಗುಂಡಿ ಒತ್ತಬೇಕು. ಮೊಳಕೆಯಲ್ಲೇ ಕಂಡವನಿಗೆ ಐದು ಅಂಕ. ತಡವಾದಂತೆ ನಾಲ್ಕು, ಮೂರು, ಎರಡು, ಒಂದು. ಇನ್ನೂ ತಡವಾದರೆ ಸೊನ್ನೆ. ಒಂದು ಚಿತ್ರದಲ್ಲಿ ಮಾತ್ರ ಎರಡು ಅಪಾಯಗಳಿರುವುದರಿಂದ ಒಟ್ಟು 75 ಅಂಕ. ಕಾರಿನವರಿಗೆ 44 ಬಂದರೆ ಪಾಸು. ರಸ್ತೆಯ ಬದಿಯಲ್ಲಿ ನಿಂತ ಕಾರು ಅಪಾಯವಲ್ಲವಂತೆ. ಅದರ ಬದಿಯ ದೀಪ ಮಿಣುಕಿ, ಚಕ್ರ ತಿರುಗಿ, ನಮ್ಮ ದಾರಿಗೆ ಬರಹೊರಟಾಗ ಅದು ‘ಬೆಳೆಯುತ್ತಿರುವ ಅಪಾಯ’ವಾಗುತ್ತದೆ. ನಾವು ವೇಗವನ್ನೋ ದಿಕ್ಕನ್ನೋ ಬದಲಿಸಬೇಕಾಗಿ ಬರುವುದೇ ಅದರ ಲಕ್ಷಣ.

ಅಲ್ಲೇ ಸುಳಿದಾಡುತ್ತಿದ್ದ ನನ್ನ ಮಗನಿಗೆ ಇದು ಆಟದಂತೆ ಕಂಡಿತು. ಅವನು ಕುಳಿತವನೇ ಮರ ಕಂಡರೆ ಒತ್ತಿದ, ನಾಯಿ ಕಂಡರೆ ಒತ್ತಿದ, ತಿರುವು ಕಂಡರೆ ಒತ್ತಿದ. ಯಂತ್ರ ಆ ಚಿತ್ರಕ್ಕೆ ಸೊನ್ನೆ ಕೊಟ್ಟಿತು. ಎಲ್ಲವನ್ನೂ ಅಪಾಯವೆನ್ನುವವನು ಏನನ್ನೂ ಕಂಡವನಲ್ಲ ಎಂದು ಆ ಪರೀಕ್ಷೆಯನ್ನು ರಚಿಸಿದವರ ತಾತ್ಪರ್ಯ. ಮಕ್ಕಳನ್ನು ಅಂಗಳಕ್ಕಿಳಿಯಬಿಡದ ತಂದೆತಾಯಿಗಳನ್ನು ಬಲ್ಲ ನನಗೆ ಈ ನಿಯಮ ಬಹಳ ಹಿಡಿಸಿತು.

ನಮ್ಮ ಪರೀಕ್ಷೆಯ ಹಾದಿ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಲಿಯುವವನಲ್ಲಿ ಪರೀಕ್ಷಿಸಬೇಕೆನ್ನುವುದು ಇಷ್ಟು: ಸಂಚಾರದ ಚಿಹ್ನೆ ಮತ್ತು ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟನ್ನು ದಾಟುವ ಎಚ್ಚರ, ಜೊತೆಯಲ್ಲಿಡಬೇಕಾದ ಕಾಗದಪತ್ರ. ನೂರಕ್ಕೆ ಅರವತ್ತು ಬಂದರೆ ಸಾಕು. ಇವು ಬೇಡವೆಂದು ನಾನು ಹೇಳಲಾರೆ. ಅಕ್ಷರ ಬಾರದವನು ಓದುವುದೆಂತು? ಆದರೆ ಅಕ್ಷರ ಬಂದ ಮಾತ್ರಕ್ಕೆ ಓದು ಬಂದಂತಲ್ಲ. ಷಟ್ಪದಿಗೆ ಪ್ರಸ್ತಾರ ಹಾಕಿ ಗುರುಲಘುಗಳನ್ನು ತಪ್ಪಿಲ್ಲದೆ ಗುರುತಿಸಿ, ಪದ್ಯ ಏನು ಹೇಳಿತೆಂದು ಕೇಳಿದರೆ ತಬ್ಬಿಬ್ಬಾಗುವ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ನೋಡುತ್ತೇನೆ. ಮಂಗಳೂರಿನ ಸಾರಿಗೆ ಕಚೇರಿ ಇರುವುದು ನೆಹರೂ ಮೈದಾನದ ಬಳಿ. ಒಳಗೆ ‘ಮುಂದೆ ಶಾಲೆ ಇದೆ’ ಎಂಬ ಚಿಹ್ನೆಗೆ ಗುರುತು ಹಾಕಿ ಹೊರಗೆ ಬಂದರೆ ಸ್ಟೇಟ್ ಬ್ಯಾಂಕಿನ ಸಿಟಿ ಬಸ್ಸುಗಳ ಸಾಲು. ಅಲ್ಲಿ ಚೀಲ ಹೊತ್ತ ಮಕ್ಕಳು ಯಾವ ಚಿಹ್ನೆಯನ್ನೂ ಹಿಡಿದುಕೊಳ್ಳದೆ ರಸ್ತೆ ದಾಟುತ್ತಿರುತ್ತಾರೆ.

ಇಲ್ಲಿ ಆ ಇಂಗ್ಲಿಷ್ ಪರೀಕ್ಷೆಯ ಕುರಿತೂ ಒಂದು ಆಕ್ಷೇಪ ಹೇಳಬೇಕು. ಒಂದು ಚಿತ್ರದಲ್ಲಿ ಮಗುವೊಂದು ಎರಡು ಕಾರುಗಳ ನಡುವಿನಿಂದ ರಸ್ತೆಗಿಳಿಯಿತು. ನನ್ನ ಸೊಸೆ ಗುಂಡಿ ಒತ್ತಿದಳು. “ಅಪಾಯ ಯಾವುದು?” ಎಂದು ಕೇಳಿದೆ. “ಮಗು, ಮಾವ” ಎಂದಳು. ಪರೀಕ್ಷೆಯ ಭಾಷೆಯಲ್ಲಿ ಉತ್ತರ ಸರಿ. ಆದರೆ ಯೋಚಿಸಿ ನೋಡಿ: ಇಪ್ಪತ್ತು ಕಿಲೋ ತೂಗುವ ಆ ಮಗುವಿನಿಂದ ಸಾವಿರ ಕಿಲೋ ತೂಗುವ ಕಾರಿಗೇನು ಅಪಾಯ? ಅಲ್ಲಿ ಅಪಾಯವೆಂಬುದು ಬಾಗಿಲು ಮುಚ್ಚಿ ಗಾಜು ಏರಿಸಿ ಕುಳಿತಿರುವ ನಾವು. ನಮ್ಮನ್ನು ಬಿಟ್ಟು ಜಗತ್ತಿನಲ್ಲೆಲ್ಲ ಅಪಾಯವನ್ನು ಹುಡುಕುವ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದಕ್ಕೊಂದು ಪೊರೆ ಇದ್ದೇ ಇದೆ. ‘ಅಡ್ಡ ಬಂದರು’ ಎಂಬ ಮಾತು ಹುಟ್ಟುವುದೂ ಆ ಪೊರೆಯ ಹಿಂದೆಯೇ. ಅಡ್ಡ ಬರಲು ರಸ್ತೆ ನಮ್ಮದಾಗಿರಬೇಕಷ್ಟೆ? ನಡೆಯುವವರಿಗೂ ಎಚ್ಚರ ಬೇಡವೇ ಎಂದು ತಾವು ಕೇಳಬಹುದು. ಬೇಕು. ಆದರೆ ನಡೆಯುವವನ ಅಲಕ್ಷ್ಯಕ್ಕೆ ಪ್ರಾಣ ತೆರುವವನು ಅವನೇ, ನಡೆಸುವವನ ಅಲಕ್ಷ್ಯಕ್ಕೆ ತೆರುವವನು ಮತ್ತೊಬ್ಬ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನನಗೆ ಕಾರು ಕಲಿಸುತ್ತಿರುವವರು ಮೂವತ್ತು ವರ್ಷ ಬಸ್ಸು ನಡೆಸಿದ ಹಿರಿಯರು. ಅವರು ಯಾವ ಚಿತ್ರವನ್ನೂ ತೋರಿಸುವವರಲ್ಲ. ಬಿಜೈಯ ಹತ್ತಿರ ಒಮ್ಮೆ ಮುಂದೆ ಸಿಟಿ ಬಸ್ಸೊಂದು ನಿಂತಾಗ ಹೇಳಿದರು: “ಬಸ್ಸನ್ನು ನೋಡ್ಬೇಡಿ ಮಾಸ್ಟ್ರೇ, ಬಸ್ಸಿನ ಅಡಿ ನೋಡಿ. ಆಚೆಯಿಂದ ಬರುವವರ ಕಾಲು ಕಾಣ್ತದೆ.” ನೋಡಿದೆ. ಎರಡು ಜೊತೆ ಕಾಲುಗಳು ಬಸ್ಸಿನ ಮೂತಿಯ ಕಡೆಗೆ ನಡೆಯುತ್ತಿದ್ದವು. ಕ್ಷಣದ ಮೇಲೆ ಆ ಕಾಲುಗಳ ಒಡತಿಯರು ಬಸ್ಸಿನ ಮುಂದಿನಿಂದ ಹೊರಬಂದರು. ನಲವತ್ತು ವರ್ಷ ಈ ಊರಿನ ಬಸ್ಸುಗಳನ್ನು ನೋಡುತ್ತ ಬಂದಿದ್ದೇನೆ. ಬಸ್ಸಿಗೊಂದು ಅಡಿ ಇದೆಯೆಂದು ನನಗೆ ತಿಳಿಸಿಕೊಟ್ಟವರು ಅವರು.

ಅಂದಿನಿಂದ ಊರೇ ಬೇರೆಯಾಗಿ ತೋರುತ್ತಿದೆ. ನಮ್ಮ ಮಂಗಳೂರು ಗುಡ್ಡೆಗಳ ಊರು. ಕದ್ರಿ, ಬೆಂದೂರು, ಫಳ್ನೀರುಗಳ ಓಣಿಗಳಲ್ಲಿ ಏರು, ಇಳಿತ, ಎರಡು ಬದಿಗೂ ಮುರಕಲ್ಲಿನ ಪಾಗಾರ. ಪಾಗಾರ ತಿರುವಿನ ತುದಿಯವರೆಗೂ ಬಂದು ನಿಂತರೆ ಆಚೆಯಿಂದ ಬರುವುದು ಆನೆಯಾದರೂ ಕಾಣದು. ರಿಕ್ಷಾದವರು ದೀಪದ ಬದಲಿಗೆ ಒಂದು ಕಾಲನ್ನು ಹೊರಗೆ ಚಾಚುತ್ತಾರೆ; ಆ ಕಾಲನ್ನು ಓದಲು ಬರದವನು ಇಲ್ಲಿ ವಾಹನ ನಡೆಸಲಾರ. ಬಸ್ಸಿನ ಕಂಡಕ್ಟರು “ರೈಟ್, ಪೋಯಿ” ಎಂದು ಸೀಟಿ ಊದಿದನೆಂದರೆ ಬಸ್ಸು ಬಲಕ್ಕೆ ಬಂದಂತೆಯೇ ಲೆಕ್ಕ. ಮಳೆಗಾಲದಲ್ಲಿ ಈ ಪಾಠ ಇನ್ನೂ ಕಠಿಣ. ರಸ್ತೆಯಲ್ಲಿ ನೀರು ನಿಂತಲ್ಲಿ ಹೊಂಡವಿದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಮುಂದಿನ ಬೈಕಿನವನು ನೀರಿನ ಬಳಿ ಬಂದಾಗ ಬಲಕ್ಕೆ ವಾಲುತ್ತಾನೆಂದು ಹಿಂದಿನವನು ಅವನಿಗಿಂತ ಮೊದಲೇ ತಿಳಿಯಬೇಕು. ಗಾಳಿಗೆ ಎದುರಾಗಿ ಕೊಡೆ ಬಾಗಿಸಿ ಹಿಡಿದ ಮಗುವಿಗೆ ರಸ್ತೆ ಕಾಣುವುದಿಲ್ಲ. ಆ ಮಗುವಿನ ಪಾಲಿನ ನೋಟವನ್ನೂ ನಾವೇ ನೋಡಬೇಕು. ಗಂಟೆಗೆ 40 ಕಿಲೋಮೀಟರಿನ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಹೆಚ್ಚು ಕಡಿಮೆ ಒಂದು ಬಸ್ಸಿನ ಉದ್ದ. ಬ್ರೇಕಿನ ಮೇಲೆ ಕಾಲಿಡುವ ಮುನ್ನ ತೆತ್ತ ದೂರ ಅದು.

ನೋಡುವುದು ಕಣ್ಣಿನ ಸಂಗತಿಯಲ್ಲ, ಕಲಿಕೆಯ ಸಂಗತಿ ಎಂಬುದನ್ನು ಶಾಸ್ತ್ರಜ್ಞರು ಅಳೆದೂ ನೋಡಿದ್ದಾರೆ. 1972ರಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಇಬ್ಬರು ಅಮೆರಿಕದಲ್ಲಿ ಚಾಲಕರ ಕಣ್ಣಿನ ಚಲನೆಯನ್ನು ಗುರುತಿಸಿದರು. ಹೊಸಬರ ದೃಷ್ಟಿ ವಾಹನಕ್ಕೆ ಸಮೀಪದಲ್ಲಿಯೇ ನೆಟ್ಟಿರುತ್ತದೆ. ಪಳಗಿದವರದು ದೂರಕ್ಕೂ ಅಗಲಕ್ಕೂ ಹರಿಯುತ್ತದೆ. ಕಣ್ಣಿನ ಶಕ್ತಿ ಇಬ್ಬರಿಗೂ ಒಂದೇ. ಇದನ್ನೋದಿದಾಗ ನನಗೆ ನೆನಪಾದದ್ದು ಮೂಡುಬಿದಿರೆ, ಕಾರ್ಕಳಗಳ ದಾರಿಯಲ್ಲಿ ಕಾಣಸಿಗುವ ಜೈನ ಮುನಿಗಳು. ಅವರ ಆಚಾರದಲ್ಲಿ ಈರ್ಯಾಸಮಿತಿ ಎಂಬುದೊಂದಿದೆ: ನಡೆಯುವಾಗ ಮುಂದಿನ ಒಂದು ನೊಗದಷ್ಟು, ಅಂದರೆ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು. ನಡಿಗೆಯ ವೇಗಕ್ಕೆ ನಾಲ್ಕು ಮೊಳ ಸಾಕು. ವೇಗ ಬೆಳೆದಂತೆ ಆ ಮೊಳವೂ ಬೆಳೆಯಬೇಕಲ್ಲವೇ? ಹೊಸ ಚಾಲಕ ಮೋಟಾರಿನಲ್ಲಿ ಕುಳಿತೂ ನಡಿಗೆಯ ಕಣ್ಣನ್ನೇ ಇಟ್ಟುಕೊಂಡಿರುತ್ತಾನೆ.

ಜೈನರ ವಿಚಾರ ಇಷ್ಟಕ್ಕೆ ನಿಲ್ಲುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಆ ಲಕ್ಷಣದೊಳಕ್ಕೇ ಸೇರಿಸುತ್ತದೆ. ಎಚ್ಚರದಿಂದ ನಡೆದವನ ಕಾಲಡಿಯಲ್ಲಿ ಹುಳು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನು ಒಂದು ಇರುವೆಯನ್ನೂ ತುಳಿಯದಿದ್ದರೂ ಹಿಂಸಕನೇ ಎಂಬುದು ಆ ಪಂಥದ ಆಚಾರ್ಯರ ನಿಲುವು. ಮೊದಲರ್ಧವನ್ನು ನಾವೆಲ್ಲರೂ ಸಂತೋಷದಿಂದ ಒಪ್ಪುತ್ತೇವೆ. ಕಷ್ಟವಿರುವುದು ಎರಡನೆಯ ಅರ್ಧದಲ್ಲಿ. ಇಬ್ಬರು ಮೊಬೈಲು ನೋಡುತ್ತ ಕೊಟ್ಟಾರ ಚೌಕಿಯಿಂದ ಕೂಳೂರಿನವರೆಗೆ ಕಾರು ನಡೆಸಿದರೆನ್ನಿ. ಒಬ್ಬನ ಎದುರು ಯಾರೂ ಬರಲಿಲ್ಲ. ಮನೆಗೆ ಹೋಗಿ ಉಂಡು ಮಲಗಿದ. ಇನ್ನೊಬ್ಬನ ಎದುರು ಮುದುಕಿಯೊಬ್ಬಳು ಬಂದಳು. ಎರಡನೆಯವನನ್ನು ಜಗತ್ತು ಕೊಲೆಗಡುಕನೆನ್ನುತ್ತದೆ, ಮೊದಲನೆಯವನು ಸಭ್ಯ ಗೃಹಸ್ಥ. ಇಬ್ಬರ ನಡುವಿನ ಅಂತರವನ್ನು ನಾವು ‘ಅದೃಷ್ಟ’ ಎನ್ನುತ್ತೇವೆ. ಅದೃಷ್ಟವೆಂದರೆ ಕಾಣದ್ದು ಎಂದೇ ಅರ್ಥ; ಎಂಥ ಮಾತು ಬಂದು ಎಲ್ಲಿ ಕೂಡಿತು ನೋಡಿ! ಕಾನೂನು ಮುದುಕಿ ಸತ್ತ ಮೇಲೆ ಮಾತ್ರ ಭಾರವಾಗಿ ಮಾತಾಡುತ್ತದೆ: ಹಳೆಯ ದಂಡಸಂಹಿತೆಯ 304-ಎ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಐದು ವರ್ಷದವರೆಗೆ. ಕಾನೂನು ಹಾಗಿರುವುದು ಅನಿವಾರ್ಯವೆಂದೇ ಇಟ್ಟುಕೊಳ್ಳೋಣ. ಮನಸ್ಸಿನೊಳಗಿನ ನ್ಯಾಯಾಲಯ ಮುದುಕಿಗಾಗಿ ಕಾಯಬೇಕಾದ್ದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂಬುದು ಕೇಂದ್ರ ಸರಕಾರದ ಲೆಕ್ಕ. ನೋಡದೆ ನಡೆಸಿ ಕ್ಷೇಮವಾಗಿ ಮನೆ ಸೇರಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

‘ಕಾಣಲಿಲ್ಲ’ ಎಂದು ಹೇಳಬಹುದಾಗಿದ್ದವರಲ್ಲಿ ಅಗ್ರಗಣ್ಯ ದಶರಥ. ಸರಯೂ ತೀರ, ಕತ್ತಲೆ, ಕೊಡಕ್ಕೆ ನೀರು ತುಂಬುವ ಸದ್ದು; ಆನೆಯೆಂದು ಬಗೆದು ಬಾಣ ಬಿಟ್ಟ, ಸತ್ತದ್ದು ಕುರುಡ ತಂದೆತಾಯಿಗಳ ಒಬ್ಬನೇ ಮಗ. ಕತ್ತಲೆಯಲ್ಲಿ ಯಾರಿಗೆ ಕಾಣುತ್ತದೆ? ಆದರೆ ಕಾಣದೆಯೇ ಹೊಡೆಯಬಲ್ಲೆನೆಂಬುದು ಅವನ ಹೆಮ್ಮೆಯ ವಿದ್ಯೆಯಾಗಿತ್ತು. ಅಲ್ಲಿಯೇ ಅವನ ಹೊಣೆಯೂ ಹುಟ್ಟಿತು. ಇಷ್ಟಾದರೂ ಅವನಲ್ಲೊಂದು ದೊಡ್ಡತನವಿತ್ತು. ಯಾರೂ ನೋಡಿರಲಿಲ್ಲ, ಓಡಿಹೋಗಬಹುದಿತ್ತು. ಕೊಡದಲ್ಲಿ ನೀರು ತುಂಬಿಕೊಂಡು ಆ ಕುರುಡರ ಬಳಿಗೆ ತಾನೇ ಹೋಗಿ ಹೇಳಿದ. ‘ಅಪಘಾತವಾದಾಗ ಚಾಲಕನ ಕರ್ತವ್ಯವೇನು?’ ಎಂಬ ನಮ್ಮ ಪರೀಕ್ಷೆಯ ಪ್ರಶ್ನೆಗೆ ಅವನಿಗೆ ಪೂರ್ಣಾಂಕ ಸಲ್ಲಬೇಕು. ಶಾಪ ಮಾತ್ರ ತಪ್ಪಲಿಲ್ಲ.

ಕಣ್ಣಿಗೂ ಒಂದು ಮಿತಿಯಿಲ್ಲವೇ ಎಂದು ಕೇಳುವವರಿಗೆ ನ್ಯಾಯವಿದೆ. 1999ರಲ್ಲಿ ಪ್ರಕಟವಾದ ಸೈಮನ್ಸ್ ಮತ್ತು ಚಾಬ್ರಿಸ್ ಅವರ ಪ್ರಯೋಗ ಪ್ರಸಿದ್ಧವಾಗಿದೆ. ಚೆಂಡು ಎಷ್ಟು ಸಲ ಕೈಯಿಂದ ಕೈಗೆ ಹೋಯಿತೆಂದು ಎಣಿಸುತ್ತ ಚಿತ್ರ ನೋಡುತ್ತಿದ್ದವರಲ್ಲಿ ಅರ್ಧದಷ್ಟು ಜನ, ನಡುವೆ ನಡೆದು ಬಂದ ಗೊರಿಲ್ಲಾ ವೇಷಧಾರಿಯನ್ನು ಕಾಣಲೇ ಇಲ್ಲ. ಏಕಾಗ್ರತೆಯೇ ಅವರನ್ನು ಕುರುಡು ಮಾಡಿತು. ಇದು ನಮ್ಮ ಒಂದು ಹಳೆಯ ಆದರ್ಶವನ್ನೇ ಅಲುಗಿಸುತ್ತದೆ. ದ್ರೋಣರು ಮರದಲ್ಲಿ ಹಕ್ಕಿಯನ್ನಿಟ್ಟು ಏನು ಕಾಣುತ್ತದೆಂದು ಕೇಳಿದಾಗ ಧರ್ಮರಾಯನಿಗೆ ಮರ, ಹಕ್ಕಿ, ತಮ್ಮಂದಿರು, ಗುರುಗಳು ಎಲ್ಲರೂ ಕಂಡರು, ಅವನು ನಪಾಸಾದ. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನ ಪಾಸಾದ. ಸಾವಿರಾರು ವರ್ಷಗಳಿಂದ ನಾವು ಮಕ್ಕಳಿಗೆ ಹೇಳಿಕೊಡುತ್ತಿರುವುದು ಈ ಅರ್ಜುನನ ಲಕ್ಷ್ಯವನ್ನೇ. ಬಾಣಕ್ಕೆ ಅದು ಸರಿ. ಸ್ಟಿಯರಿಂಗು ಹಿಡಿದವನಿಗೆ ಬೇಕಾದ್ದು ಧರ್ಮರಾಯನ ಕಣ್ಣು. ಮರವನ್ನೂ ಕಾಣಬೇಕು, ಮರದಡಿ ನಿಂತವರನ್ನೂ ಕಾಣಬೇಕು. ಕಾನೂನಿನವರು ಬಳಸುವ ‘ನಿರ್ಲಕ್ಷ್ಯ’ ಎಂಬ ಶಬ್ದ ಒಳ್ಳೆಯದೇ. ಆದರೆ ರಸ್ತೆಯಲ್ಲಿ ಅನರ್ಥಗಳಾಗುವುದು ಲಕ್ಷ್ಯವಿಲ್ಲದ್ದರಿಂದ ಮಾತ್ರವಲ್ಲ, ಲಕ್ಷ್ಯ ಒಂದೇ ಕಡೆ ನೆಟ್ಟದ್ದರಿಂದಲೂ. ಮುಂದಿನ ನಿಲ್ದಾಣಕ್ಕೆ ಹಿಂದಿನ ಬಸ್ಸಿಗಿಂತ ಮೊದಲು ತಲುಪಬೇಕೆಂಬ ಲಕ್ಷ್ಯದಲ್ಲಿ ಓಡುವ ಬಸ್ಸಿನ ಚಾಲಕ ಅರ್ಜುನನೇ ಸರಿ.

ಹಾಗೆಂದು ಎಲ್ಲವನ್ನೂ ಚಾಲಕನ ತಲೆಗೆ ಕಟ್ಟುವುದೂ ಅನ್ಯಾಯ. ಅವನಿಗೆ ನಿಮಿಷ ಲೆಕ್ಕ ಹಾಕಿ ಟೈಮು ಕೊಟ್ಟವರು ಬೇರೆ. ರಸ್ತೆಯಲ್ಲಿ ಹೊಂಡವನ್ನು ಉಳಿಸಿದವರು ಬೇರೆ. ತಿರುವಿನ ತುದಿಯವರೆಗೆ ಪಾಗಾರ ಏರಿಸಿದ ಮನೆಯೊಡೆಯ, ಅದರ ಮೇಲೆ ಫಲಕ ನಿಲ್ಲಿಸಿದ ವ್ಯಾಪಾರಿ ಬೇರೆ. ಇವರಾರೂ ಯಾವ ಪರೀಕ್ಷೆಗೂ ಕೂತವರಲ್ಲ, ಯಾರನ್ನೂ ಢಿಕ್ಕಿ ಹೊಡೆದವರೂ ಅಲ್ಲ. ಆದರೂ ಮತ್ತೊಬ್ಬನಿಗೆ ‘ಕಾಣಲಿಲ್ಲ’ ಆಗುವಂತೆ ಮಾಡುವುದರಲ್ಲಿ ಇವರ ಕೈಯಿದೆ. ಗುಂಡಿ ಒತ್ತುವ ಆ ಪರೀಕ್ಷೆಯನ್ನು ಇವರಿಗೂ ಇಡಬೇಕೆಂದು ನಾನು ಹೇಳಿದಾಗ ನನ್ನ ಸೊಸೆ ನಕ್ಕಳು. ನಾನು ಹೇಳಿದ್ದು ಪರಿಹಾಸಕ್ಕಲ್ಲ.

ನಮ್ಮ ಓಣಿಯ ಮೂಲೆಮನೆಯಲ್ಲಿ ಎಪ್ಪತ್ತು ದಾಟಿದ ಅಮ್ಮನೊಬ್ಬರಿದ್ದಾರೆ. ಅವರ ಪಾಗಾರ ಸೊಂಟದೆತ್ತರದ್ದು; ಅದರ ಮೇಲೆ ದಾಸವಾಳ ಆಳೆತ್ತರ ಬೆಳೆದು ಹೂ ಬಿಡುತ್ತಿತ್ತು. ಮೇ ತಿಂಗಳ ಕೊನೆಯ ವಾರ ಅವರು ಆಳನ್ನು ಕರೆಸಿ ತಿರುವಿನ ಕಡೆಯ ಗಿಡಗಳನ್ನು ಪಾಗಾರದ ಮಟ್ಟಕ್ಕೆ ಸವರಿಸಿದರು. ಹೂವಿರುವ ಗೆಲ್ಲುಗಳು ರಾಶಿಯಾಗಿ ಬಿದ್ದಿದ್ದವು. ಪೂಜೆಯ ಹೂವಿಗಾಗಿ ಅಷ್ಟು ಪ್ರೀತಿಯಿಂದ ಬೆಳೆಸಿದ್ದನ್ನು ಯಾಕೆ ಕಡಿಸಿದಿರೆಂದು ಕೇಳಿದೆ. “ಶಾಲೆ ಸುರುವಾಗ್ತದಲ್ಲ” ಎಂದರು. ಆ ಮನೆಯಲ್ಲಿ ವಾಹನವೂ ಇಲ್ಲ, ಶಾಲೆಗೆ ಹೋಗುವ ಮಕ್ಕಳೂ ಇಲ್ಲ.